ಡಬ್ಬಿ ಹುಳಿ ಹಿಡಿಯುವ ಮೊದಲು: ಚಲನಚಿತ್ರ ಅಕಾಡೆಮಿಗೆ ಕಲಬುರಗಿಯಿಂದ ಒಂದು ಪತ್ರ

ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರಿಗೆ, ಸದಸ್ಯರಿಗೆ, ಹಾಗೇ ಹಳೇ ಕನ್ನಡ ಸಿನಿಮಾಗಳ ಹಕ್ಕು ಇಟ್ಟುಕೊಂಡಿರುವ ಎಲ್ಲ ನಿರ್ಮಾಪಕರ ಮನೆಯವರಿಗೆ,

ಕಲಬುರಗಿಯಿಂದ ಶರಣು ಶರಣಾರ್ಥಿ.

ನಾನು ಟಿವಿ ರಿಪೇರಿ ಮಾಡುವವನು. ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. 30 ವರ್ಷದಿಂದ ಇದೇ ಕೆಲಸ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಶುರು ಮಾಡಿದೆ, ಈಗ ಗೋಡೆಗೆ 55 ಇಂಚಿನ 4ಕೆ ಟಿವಿ ಕೂರಿಸಿ ಬರುತ್ತೇನೆ. ನಾನು ಸಿನಿಮಾ ಮಾಡಿದವನಲ್ಲ, ಸಿನಿಮಾದ ಬಗ್ಗೆ ಬರೆದವನೂ ಅಲ್ಲ. ಆದರೆ ಸಿನಿಮಾ ಮನೆಯೊಳಗೆ ಯಾವ ಸ್ಥಿತಿಯಲ್ಲಿ ಬಂದು ಮುಟ್ಟುತ್ತದೆ ಅನ್ನೋದನ್ನು ದಿನಾ ನೋಡುತ್ತೇನೆ. ಅದಕ್ಕೇ, ಹಳೇ ಕನ್ನಡ ಸಿನಿಮಾಗಳ ಫಿಲ್ಮ್ ಹಾಳಾಗುವ ಮೊದಲು ಉಳಿಸಿ ಅಂತ ಕೇಳಲು ಈ ಪತ್ರ.

ಹೋದ ವರ್ಷ ದಸರಾ ಮುಗಿದ ಮೇಲೆ ಬ್ರಹ್ಮಪುರದಿಂದ ಒಬ್ಬ ನಿವೃತ್ತ ಮಾಸ್ತರರು ಫೋನ್ ಮಾಡಿದರು. ಹೊಸ ಟಿವಿ ತಗೊಂಡು ಎಂಟು ದಿನ ಆಗಿತ್ತು. “ತಮ್ಮಾ, ಟಿವಿ ಕೆಟ್ಟದ. ವಾಪಸ್ ಒಯ್ಯಿ” ಅಂದರು. ಹೋದೆ. ನ್ಯೂಸ್ ಹಾಕಿದೆ, ಚೆನ್ನಾಗಿತ್ತು. ಕ್ರಿಕೆಟ್ ಹಾಕಿದೆ, ಚೆಂಡಿನ ಹೊಲಿಗೆ ಕೂಡ ಕಾಣಿಸುತ್ತಿತ್ತು. ಆಮೇಲೆ ಅವರು ರಿಮೋಟ್ ಇಸಿದುಕೊಂಡು ಒಂದು ಹಳೇ ರಾಜಕುಮಾರ್ ಸಿನಿಮಾ ಹಾಕಿದರು. ಕಣ್ಣು ಇರುವ ಕಡೆ ಎರಡು ಮಸಿ ಬೊಟ್ಟು. ಮೂಗು ಎಲ್ಲಿ ಮುಗಿದು ತುಟಿ ಎಲ್ಲಿ ಶುರುವಾಗುತ್ತದೆ ಗೊತ್ತಾಗುತ್ತಿರಲಿಲ್ಲ. “ನೋಡು, ಅಣ್ಣಾವ್ರ ಮಾರಿ ನೋಡು. ಇದಕ್ಕ ಟಿವಿ ಅಂತೀಯೇನು?” ಅಂದರು.

ಟಿವಿ ಸರಿ ಇದೆ, ಸಿನಿಮಾದ ಪ್ರತಿಯೇ ಹಾಳಾಗಿದೆ ಅಂದೆ. ಅವರು ನಂಬಲಿಲ್ಲ. ಕೊನೆಗೆ ಅದೇ ಟಿವಿಯಲ್ಲಿ, ಹೆಚ್ಚುಕಡಿಮೆ ಅದೇ ಕಾಲದ ಒಂದು ಹಿಂದಿ ಕಪ್ಪು-ಬಿಳುಪು ಸಿನಿಮಾ ಹಾಕಿದೆ. ಅದನ್ನು ಫಿಲ್ಮಿನಿಂದ ಹೊಸದಾಗಿ ಸ್ಕ್ಯಾನ್ ಮಾಡಿ, ಚೊಕ್ಕ ಮಾಡಿ ಬಿಟ್ಟಿದ್ದರು. ಮೇಲಿನಿಂದ ಬೀಳುವ ಬಿಸಿಲಕೋಲಿನಲ್ಲಿ ಧೂಳು ತೇಲುವುದು ಕೂಡ ಕಂಡಿತು. ಮಾಸ್ತರರು ಐದು ನಿಮಿಷ ಮಾತಾಡಲಿಲ್ಲ. ಇದಕ್ಕೆ ಕ್ಯಾಮೆರಾ ಹಿಡಿದವರು ನಮ್ಮ ಮೈಸೂರಿನ ವಿ. ಕೆ. ಮೂರ್ತಿ, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅಂತ ಹೇಳಿದೆ. ಅವರು ಟಿವಿಯಿಂದ ಕಣ್ಣು ತೆಗೆಯದೆ ಒಂದೇ ಮಾತು ಕೇಳಿದರು: “ಹಂಗಾದ್ರ ನಮ್ಮವು ಯಾಕ ಹಿಂಗ?”

ಮಾಸ್ತರರ ಆ ಪ್ರಶ್ನೆಯನ್ನು ನಿಮಗೆ ಮುಟ್ಟಿಸುತ್ತಿದ್ದೇನೆ.

ನಮ್ಮ ಮನೆಯದೇ ಇನ್ನೊಂದು ಮಾತು ಹೇಳಬೇಕು. ಅವ್ವನಿಗೆ ಈಗ 78. ಅವಳಿಗೆ ಬಹಳ ದಿನದ ಆಸೆ, ‘ಜಗಜ್ಯೋತಿ ಬಸವೇಶ್ವರ’ ಮತ್ತೆ ನೋಡಬೇಕು ಅಂತ. 1959ರ ಸಿನಿಮಾ. ಟಿ. ವಿ. ಸಿಂಗ್ ಠಾಕೂರ್ ನಿರ್ದೇಶನ. ಹೊನ್ನಪ್ಪ ಭಾಗವತರು ಬಸವಣ್ಣ, ರಾಜಕುಮಾರ್ ಬಿಜ್ಜಳ. ಅವ್ವ ಸಣ್ಣಾಕೆ ಇದ್ದಾಗ ಶಹಾಪುರದ ಕಡೆ ಟೆಂಟಿನಲ್ಲಿ ನೋಡಿದ್ದಳಂತೆ, ನೆಲದ ಮೇಲೆ ಕಂಬಳಿ ಹಾಸಿಕೊಂಡು. ಕಥೆ ನಡೆಯುವುದು ನಮ್ಮ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ. ನಮ್ಮ ಕಡೆಯ ಮನೆಗಳಲ್ಲಿ ಇದು ಬರೀ ಸಿನಿಮಾ ಅಲ್ಲ, ನೋಡುವ ಮೊದಲು ಕೈ ಮುಗಿಯುವವರಿದ್ದಾರೆ.

ನಾನು ಎಲ್ಲೆಲ್ಲೋ ಕೇಳಿ ಒಂದು ಪ್ರತಿ ತಂದೆ. ಯಾರೋ ಟಿವಿಯಿಂದ ಇಳಿಸಿಕೊಂಡಿದ್ದು, ಅದನ್ನು ಇನ್ನೊಬ್ಬರು ಕಾಪಿ ಮಾಡಿದ್ದು, ಹೀಗೆ ಕೈಯಿಂದ ಕೈಗೆ ಸಾಗಿ ಬಂದಿದ್ದು. ಅವ್ವ ಕನ್ನಡಕ ಒರೆಸಿಕೊಂಡು ಕೂತಳು. ಸ್ವಲ್ಪ ಹೊತ್ತಿಗೆ “ಇವರ ಮಾರಿ ಯಾಕ ಹಿಂಗ ಅಗಲ ಆಗ್ಯಾದ?” ಅಂದಳು. ಆಮೇಲೆ ಎದ್ದು ಟಿವಿಯ ಹತ್ತಿರವೇ ಹೋಗಿ ನಿಂತು, ಬೆರಳಿಟ್ಟು ಕೇಳಿದಳು: “ಕೊರಳಾಗ ಏನದ ಇದು? ಕರಡಿಗಿ ಅದನೋ, ಸರ ಅದನೋ?” ಕರಡಿಗಿ ಅಂದರೆ ಇಷ್ಟಲಿಂಗ ಇಟ್ಟು ಕೊರಳಿಗೆ ಹಾಕಿಕೊಳ್ಳುವ ಸಣ್ಣ ಡಬ್ಬಿ. ಅದೋ ಸರವೋ ನನಗೂ ಗೊತ್ತಾಗಲಿಲ್ಲ. ಅಲ್ಲಿ ಒಂದು ಬೂದು ಕಲೆ ಇತ್ತು, ಅಷ್ಟೇ. ಹಾಡು ಬಂದಾಗ ಅವಳು ಇನ್ನೊಂದು ಮಾತು ಹೇಳಿದಳು: “ಹಾಡು ಯಾಕ ಅವಸರ ಮಾಡ್ಲಕತ್ತಾದ?”

ಅವ್ವ ಹೇಳಿದ ಈ ಮೂರೂ ಮಾತು ನೂರಕ್ಕೆ ನೂರು ನಿಜ. ಒಂದೊಂದಕ್ಕೂ ಕಾರಣ ಇದೆ.

ಮುಖ ಅಗಲ ಆಗಿದ್ದಕ್ಕೆ ಕಾರಣ ಚೌಕಟ್ಟು. ಆ ಕಾಲದ ಸಿನಿಮಾದ ಚೌಕಟ್ಟು 1.37ಕ್ಕೆ 1. ಅಂದರೆ ಅಗಲ ಎತ್ತರಕ್ಕಿಂತ ಸ್ವಲ್ಪವೇ ಜಾಸ್ತಿ. ಈಗಿನ ಟಿವಿ 16ಕ್ಕೆ 9. ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಜನ ಬೈಯುತ್ತಾರೆ ಅಂತ ಹೆದರಿ ಯಾರೋ ಚಿತ್ರವನ್ನು ಎರಡೂ ಕಡೆ ಎಳೆದು ತುಂಬಿಸಿದ್ದಾರೆ. ಕೆಲವರು ಎಳೆಯುವ ಬದಲು ಮೇಲೆ ಕೆಳಗೆ ಕತ್ತರಿಸುತ್ತಾರೆ. ಆಗ ತಲೆಯ ಮೇಲಿನ ಕಿರೀಟ, ಕೆಳಗಿನ ಕಾಲ್ಗೆಜ್ಜೆ ಎರಡೂ ಹೋಗುತ್ತವೆ.

ಹಾಡು ಅವಸರ ಮಾಡಿದ್ದಕ್ಕೆ ಕಾರಣ ವೇಗ. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ. ನಮ್ಮ ಹಳೇ ಟಿವಿ ಪದ್ಧತಿ 25. ಹಾಗಾಗಿ ಟಿವಿಗೆ ಇಳಿಸುವಾಗ ಸಿನಿಮಾ ಶೇಕಡಾ 4ರಷ್ಟು ಬೇಗ ಓಡುತ್ತದೆ. ಎರಡೂವರೆ ಗಂಟೆಯ ಸಿನಿಮಾ 144 ನಿಮಿಷಕ್ಕೆ ಮುಗಿಯುತ್ತದೆ, ಹಾಡುವವರ ದನಿ ಸ್ವಲ್ಪ ಏರುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಆಗುವುದಿಲ್ಲ. ಕಲಬುರಗಿ ಆಕಾಶವಾಣಿಯಲ್ಲಿ ಹಳೇ ಹಾಡು ಕೇಳುತ್ತಲೇ ರೊಟ್ಟಿ ಬಡಿದವಳಿಗೆ ಗೊತ್ತಾಯಿತು.

ಇನ್ನು ಕೊರಳಿನ ಕರಡಿಗೆ. ಡಿವಿಡಿ ಮಟ್ಟದ ಒಂದು ಚಿತ್ರದಲ್ಲಿ ಇರುವುದು 720 ಅಡ್ಡ, 576 ಉದ್ದ, ಒಟ್ಟು ಸುಮಾರು 4 ಲಕ್ಷ 15 ಸಾವಿರ ಚುಕ್ಕೆ. 4ಕೆ ಟಿವಿಯಲ್ಲಿ ಇರುವುದು 3840 ಅಡ್ಡ, 2160 ಉದ್ದ, ಸುಮಾರು 83 ಲಕ್ಷ ಚುಕ್ಕೆ. ಸರಿಯಾಗಿ 20 ಪಟ್ಟು. ಒಂದು ರೊಟ್ಟಿಯ ಹಿಟ್ಟನ್ನು 20 ರೊಟ್ಟಿ ಅಗಲ ಬಡಿದರೆ ಏನಾಗುತ್ತದೆ? ಅದೇ ಆಗಿದೆ. ಆದರೆ ಹಳೇ 35 ಎಂಎಂ ನೆಗೆಟಿವ್, ಅಂದರೆ ಕ್ಯಾಮೆರಾದಲ್ಲಿ ಓಡಿದ ಮೂಲ ಫಿಲ್ಮ್, ಅದರೊಳಗೆ ಕರಡಿಗೆಯ ಬೆಳ್ಳಿ ಕೆತ್ತನೆಯೂ ಇರುತ್ತದೆ. ಒಳ್ಳೆ ನೆಗೆಟಿವ್ ಸಿಕ್ಕರೆ 4ಕೆ ಪರದೆ ತುಂಬುವಷ್ಟು ವಿವರ ಅದರಲ್ಲಿದೆ. 60, 70 ವರ್ಷದ ಹಿಂದೆ ಆ ಕ್ಯಾಮೆರಾದವರು ಅದನ್ನು ಹಿಡಿದಿಟ್ಟಿದ್ದಾರೆ. ನಾವು ಅದನ್ನು ಹೊರಗೆ ತೆಗೆದಿಲ್ಲ.

ಇಲ್ಲಿ ನಮ್ಮ ಭಾಗದ ಒಂದು ನೋವು ಹೇಳಬೇಕು. ಬೆಂಗಳೂರಿನ ಹಿರಿಯರು ಹಳೇ ಸಿನಿಮಾ ಚೊಕ್ಕ ಆಗಿ ಬಂದರೆ “ಮತ್ತೆ ನೋಡಿದ ಹಾಗಾಯ್ತು” ಅನ್ನಬಹುದು. ಕಲಬುರಗಿ, ಯಾದಗಿರಿ, ಬೀದರದ ಜನಕ್ಕೆ ಅದು ಮೊದಲನೇ ಸಲ. ನಾವು ಯಾವತ್ತೂ ಚೊಕ್ಕ ಪ್ರಿಂಟ್ ನೋಡಿಲ್ಲ.

ನಮ್ಮ ಕಾಕಾ ಶಹಾಬಾದಿನ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡುತ್ತಿದ್ದ ಕಾಲ. ಬೂತಿನಲ್ಲಿ ಬನಿಯನ್ ಹಾಕಿಕೊಂಡೇ ಬೆವರು ಸುರಿಸುತ್ತಾ ನಿಲ್ಲುತ್ತಿದ್ದರು. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿದ ಕೂಡಲೇ ಎರಡನೇ ಪ್ರೊಜೆಕ್ಟರ್ ಶುರು ಮಾಡಬೇಕು. ನನಗೆ ಆ ಚುಕ್ಕೆ ತೋರಿಸಿಕೊಟ್ಟವರು ಅವರೇ. ಅದಾದ ಮೇಲೆ ಯಾವ ಸಿನಿಮಾಕ್ಕೆ ಹೋದರೂ ನನ್ನ ಕಣ್ಣು ಆ ಮೂಲೆಗೇ ಹೋಗುತ್ತಿತ್ತು. ಕಾಕಾ ಹೇಳುತ್ತಿದ್ದರು: “ಬೆಂಗಳೂರಾಗ ಓಡಿ, ಹುಬ್ಬಳ್ಳ್ಯಾಗ ಓಡಿ, ನಮ್ಮಲ್ಲಿ ಬರೋದ್ರಾಗ ಪ್ರಿಂಟ್ ಮುದುಕ ಆಗಿರ್ತಿತ್ತು.” ಪರದೆ ತುಂಬ ಗೆರೆ, ಮಳೆ ಸುರಿದ ಹಾಗೆ. ಪ್ರತಿ ಸಲ ಫಿಲ್ಮ್ ಹರಿದಾಗಲೂ ಹರಿದ ತುದಿ ಕತ್ತರಿಸಿ, ಫಿಲ್ಮ್ ಸಿಮೆಂಟ್ ಅನ್ನೋ ಅಂಟು ಹಚ್ಚಿ ಕೂಡಿಸಬೇಕು. ಪ್ರತಿ ಅಂಟಿಗೂ ಒಂದಿಷ್ಟು ಚಿತ್ರ ಹೋಗುತ್ತದೆ. ನಟನ ಮಾತು ಅರ್ಧಕ್ಕೆ ನಿಂತು, ಅವನು ಬಾಗಿಲ ಹತ್ತಿರ ಜಿಗಿದು ನಿಲ್ಲುತ್ತಿದ್ದ. ಜನ ಸೀಟಿ ಹೊಡೆಯುತ್ತಿದ್ದರು. ನಾವು ಅದನ್ನೇ ಸಿನಿಮಾ ಅಂದುಕೊಂಡು ಬೆಳೆದೆವು.

ಕಾಕಾ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಎರಡು ಫಿಲ್ಮ್ ಡಬ್ಬಿ ಸಿಕ್ಕವು. ಟಾಕೀಸು ಮುಚ್ಚಿದಾಗ ಬೂತಿನಲ್ಲೇ ಬಿದ್ದಿದ್ದವು, ಕೇಳುವವರು ಇರಲಿಲ್ಲ, ಇವರು ಮನೆಗೆ ತಂದಿದ್ದರು. ಮೇ ತಿಂಗಳು, ಹೊರಗೆ 43 ಡಿಗ್ರಿ ಬಿಸಿಲು. ಮೊದಲನೇ ಡಬ್ಬಿಯ ಮುಚ್ಚಳ ತುಕ್ಕು ಹಿಡಿದಿತ್ತು, ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಹುಳಿ ವಾಸನೆ ರಪ್ಪಂತ ಮೂಗಿಗೆ ಹೊಡೆಯಿತು, ಕೆಟ್ಟುಹೋದ ಉಪ್ಪಿನಕಾಯಿ ಭರಣಿ ತೆಗೆದ ಹಾಗೆ. ಕಣ್ಣಲ್ಲಿ ನೀರು ಬಂತು. ಫಿಲ್ಮ್ ಅಂಚಿನಲ್ಲಿ ಅಲೆ ಅಲೆಯಾಗಿ ಮುದುಡಿತ್ತು. ಅಲ್ಲಲ್ಲಿ ಬಿಳಿ ಪುಡಿ ಕೂತಿತ್ತು. ಒಂದು ಸುತ್ತು ಬಿಡಿಸಲು ಹೋದರೆ ಪಕ್ಕದ ಸುತ್ತಿಗೆ ಅಂಟಿಕೊಂಡು ಚಿತ್ರದ ಪದರವೇ ಕಿತ್ತು ಬರುತ್ತಿತ್ತು. ಕೈಬಿಟ್ಟೆ. ಎರಡನೇ ಡಬ್ಬಿ ಕಲರ್ ಸಿನಿಮಾದ್ದು. ಅದು ಗಟ್ಟಿ ಇತ್ತು. ಆದರೆ ಟ್ಯೂಬ್‌ಲೈಟಿಗೆ ಹಿಡಿದು ನೋಡಿದರೆ ಆಕಾಶ, ಮರ, ಸೀರೆ, ಮುಖ ಎಲ್ಲವೂ ಒಂದೇ ಕೆಂಪು. ನೀಲಿ ಹೋಗಿತ್ತು, ಹಸಿರು ಹೋಗಿತ್ತು.

ಇದಕ್ಕೆ ಯಾರದೂ ತಪ್ಪಲ್ಲ, ವಸ್ತುವಿನ ಗುಣವೇ ಹಾಗೆ. 1950ರ ದಶಕದಿಂದ ಬಂದ ಅಸಿಟೇಟ್ ಫಿಲ್ಮ್ ಬಿಸಿಲಿಗೆ, ತೇವಕ್ಕೆ ನಿಧಾನವಾಗಿ ಕೊಳೆಯುತ್ತದೆ. ಕೊಳೆಯುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ, ಅಡುಗೆಮನೆಯ ವಿನೆಗರ್‌ನಲ್ಲಿ ಇರುವುದೂ ಅದೇ. ಬಿಟ್ಟ ಆಸಿಡ್ಡೇ ಉಳಿದ ಫಿಲ್ಮನ್ನು ಇನ್ನೂ ಬೇಗ ಕೊಳೆಸುತ್ತದೆ. ಅದರ ಹಬೆ ಪಕ್ಕದ ಡಬ್ಬಿಗೂ ಹಬ್ಬುತ್ತದೆ. ಒಮ್ಮೆ ಶುರುವಾದರೆ ತಣ್ಣಗಿನ ಒಣ ಜಾಗದಲ್ಲಿಟ್ಟು ನಿಧಾನ ಮಾಡಬಹುದೇ ಹೊರತು ನಿಲ್ಲಿಸಲು ಆಗುವುದಿಲ್ಲ. ಈಸ್ಟ್‌ಮನ್ ಕಲರ್ ಫಿಲ್ಮಿನ ಬಣ್ಣ ಹಾರುವುದೂ ಹಾಗೇ. ನನ್ನ ಹತ್ತಿರ ಇರುವುದು ಬರೀ ಪ್ರಿಂಟಿನ ಎರಡು ರೀಲು. ಇದೇ ರೋಗ ನೆಗೆಟಿವ್‌ಗಳಿಗೂ ಹಿಡಿಯುತ್ತದೆ. ಮದ್ರಾಸಿನಲ್ಲಿ ತೊಳೆದು ಪ್ರಿಂಟ್ ಹಾಕಿಸಿದ ನಮ್ಮ ಸಿನಿಮಾಗಳ ನೆಗೆಟಿವ್ ಯಾರ ಗೋದಾಮಿನಲ್ಲಿ, ಯಾರ ಅಟ್ಟದ ಮೇಲೆ, ಎಷ್ಟು ಬಿಸಿಲಿನಲ್ಲಿ ಇವೆಯೋ ಅಂತ ನೆನೆಸಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ.

ನಾವು ಆಗಲೇ ಎಷ್ಟೋ ಕಳೆದುಕೊಂಡಿದ್ದೇವೆ. ಕನ್ನಡದ ಮೊದಲ ಮಾತಿನ ಸಿನಿಮಾ ‘ಸತಿ ಸುಲೋಚನಾ’ 1934ರಲ್ಲಿ ಬಂತು. ಅದು ತಯಾರಾಗಿದ್ದು ಕೊಲ್ಲಾಪುರದಲ್ಲಿ. ಕಲಬುರಗಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಅದರ ಪ್ರಿಂಟ್ ಇವತ್ತು ಎಲ್ಲೂ ಸಿಗುವುದಿಲ್ಲ. ನಮ್ಮ ಭಾಷೆ ಮೊದಲ ಸಲ ಪರದೆಯ ಮೇಲೆ ಮಾತಾಡಿದ್ದು ಹೇಗೆ ಕೇಳಿಸಿತ್ತು ಅಂತ ಇನ್ನು ಯಾರೂ ಕೇಳಲಾರರು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ. ದೇಶದಲ್ಲಿ ಎಷ್ಟೋ ಹಳೇ ಪ್ರಿಂಟುಗಳನ್ನು ಆ ಬೆಳ್ಳಿಗಾಗಿಯೇ ಕರಗಿಸಿದರು. 2003ರ ಜನವರಿಯಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ಅಲ್ಲಿಟ್ಟಿದ್ದ, ಬೇಗ ಬೆಂಕಿ ಹಿಡಿಯುವ ಹಳೇ ನೈಟ್ರೇಟ್ ಫಿಲ್ಮ್‌ಗಳು ಸುಟ್ಟುಹೋದವು.

ಆದರೆ ಉಳಿಸಿದವರೂ ಇದ್ದಾರೆ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯ ನೆಗೆಟಿವ್ 1993ರಲ್ಲಿ ಲಂಡನ್ನಿನ ಒಂದು ಲ್ಯಾಬಿನಲ್ಲಿ ಬೆಂಕಿಗೆ ಸಿಕ್ಕಿತು. ಸುಟ್ಟ ಸುರುಳಿಗಳನ್ನು ಆಸ್ಕರ್ ಕೊಡುವ ಅಮೆರಿಕದ ಅಕಾಡೆಮಿಯ ಭಂಡಾರದವರು ಎಸೆಯದೆ ಇಟ್ಟುಕೊಂಡರು. ಇಟಲಿಯ ಬೊಲೋನ್ಯಾದ ಲ್ಯಾಬಿನಲ್ಲಿ ಆ ಫಿಲ್ಮನ್ನು ಮೆತ್ತಗೆ ಮಾಡಿ, ಹರಿದ ತೂತು ಒಂದೊಂದೇ ಕೈಯಿಂದ ಸರಿಮಾಡಿ, ಸ್ಕ್ಯಾನ್ ಮಾಡಿದರು. 2015ರಲ್ಲಿ ಅದು 4ಕೆಯಲ್ಲಿ ಬಂತು. ಸುಟ್ಟಿದ್ದನ್ನೇ ಉಳಿಸಬಹುದಾದರೆ ಹುಳಿ ಹಿಡಿಯುತ್ತಿರುವುದನ್ನು ಉಳಿಸಲು ಆಗುವುದಿಲ್ಲವಾ?

ಕನ್ನಡದಲ್ಲೂ ಆಗಿದೆ. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ 4ಕೆಯಲ್ಲಿ ಮರುಹುಟ್ಟು ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಎಸ್. ರಾಮಚಂದ್ರ ಅವರ ಕ್ಯಾಮೆರಾ. ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ಫಿಲ್ಮ್ ಫೌಂಡೇಶನ್ ಸೇರಿ ಮಾಡಿದ ಕೆಲಸ. ನೆಗೆಟಿವ್ ಸಿಕ್ಕಿದ್ದು ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರದಲ್ಲಿ. ದುಡ್ಡು ಬಂದಿದ್ದು ವಿದೇಶದಿಂದ. ಪೇಪರಿನಲ್ಲಿ ಓದಿದಾಗ ಎದೆ ತುಂಬಿ ಬಂತು, ಸ್ವಲ್ಪ ನಾಚಿಕೆಯೂ ಆಯಿತು. ನಮ್ಮ ಸಿನಿಮಾಕ್ಕೆ ಹೊರಗಿನವರು ಕೈ ಹಿಡಿದರು. ವೆನಿಸ್‌ನವರು ನೋಡಿದರು, ನಾನು ಕಲಬುರಗಿಯಲ್ಲಿ ಕೂತು ಇನ್ನೂ ನೋಡಿಲ್ಲ.

2025ರ ಮಾರ್ಚ್ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಕನ್ನಡ ಸಿನಿಮಾಗಳನ್ನು ಕಾಪಾಡುವ ಭಂಡಾರಕ್ಕೆ 3 ಕೋಟಿ ರೂಪಾಯಿ ಹೇಳಿತು. ಕನ್ನಡಕ್ಕೊಂದು ಒಟಿಟಿ ವೇದಿಕೆ ಕಟ್ಟುವ ಮಾತನ್ನೂ ಆಡಿತು. ನನಗೆ ಬಹಳ ಖುಷಿಯಾಯಿತು. ಈ ಎರಡು ಮಾತನ್ನು ಒಂದಕ್ಕೊಂದು ಜೋಡಿಸಿ ಅನ್ನುವುದೇ ನನ್ನ ಮುಖ್ಯ ವಿನಂತಿ. ಭಂಡಾರ ಅಂದರೆ ಬೀಗ ಹಾಕಿದ ಕೋಣೆ ಆಗಬಾರದು. ಒಳಗೆ ಹೋದ ಸಿನಿಮಾ ಚೊಕ್ಕವಾಗಿ ನಮ್ಮ ಮನೆಗೆ ಬರಬೇಕು.

ಮೊದಲು ಯಾವ ಸಿನಿಮಾ ಅಂತ ಜಗಳ ಶುರುವಾಗುತ್ತದೆ, ನನಗೆ ಗೊತ್ತು. ರಾಜಕುಮಾರ್ ನಾಯಕನಾದ ಮೊದಲ ಸಿನಿಮಾ ‘ಬೇಡರ ಕಣ್ಣಪ್ಪ’ 1954ರದ್ದು, ಅದು ಮೊದಲು ಅನ್ನುವವರು ಇರುತ್ತಾರೆ. ಎನ್. ಲಕ್ಷ್ಮೀನಾರಾಯಣ್ ಅವರ ‘ನಾಂದಿ’ ಅನ್ನುವವರು ಇರುತ್ತಾರೆ, ಪುಟ್ಟಣ್ಣನವರ ‘ಬೆಳ್ಳಿಮೋಡ’ ಅನ್ನುವವರು, ‘ಸಂಸ್ಕಾರ’ ಅನ್ನುವವರು ಇರುತ್ತಾರೆ. ನನ್ನ ಮಾತು ಕೇಳಿದರೆ, ಹೆಸರು ನೋಡಬೇಡಿ, ವಾಸನೆ ನೋಡಿ. ಡಬ್ಬಿಯೊಳಗೆ ಒಂದು ದಿನ ಇಟ್ಟರೆ ಬಣ್ಣ ಬದಲಾಗುವ ಕಾಗದದ ಪಟ್ಟಿಗಳು ಸಿಗುತ್ತವೆ. ನೀಲಿ ಇದ್ದರೆ ಫಿಲ್ಮ್ ಗಟ್ಟಿ, ಹಸಿರಾದರೆ ರೋಗ ಶುರುವಾಗಿದೆ, ಹಳದಿಯಾದರೆ ಅವಸರ. ಹಳದಿ ಬಂದ ಡಬ್ಬಿ ಮೊದಲು ಸ್ಕ್ಯಾನರ್ ಮೇಲೆ ಹೋಗಲಿ. ಅದರಲ್ಲಿ ಯಾರೂ ನೆನಪಿಟ್ಟುಕೊಳ್ಳದ ಸಣ್ಣ ಸಿನಿಮಾ ಇದ್ದರೂ ಸರಿ. ದೊಡ್ಡ ಸಿನಿಮಾದ ನೆಗೆಟಿವ್ ಗಟ್ಟಿ ಇದ್ದರೆ ಅದು ಇನ್ನೆರಡು ವರ್ಷ ಕಾಯುತ್ತದೆ.

ಸ್ಕ್ಯಾನ್ ಮೊದಲು, ಸ್ವಚ್ಛ ಮಾಡುವುದು ಆಮೇಲೆ. ಎರಡೂವರೆ ಗಂಟೆಯ ಸಿನಿಮಾದಲ್ಲಿ 2 ಲಕ್ಷ 16 ಸಾವಿರ ಚಿತ್ರ ಇರುತ್ತವೆ. ಒಂದೊಂದರ ಗೆರೆ, ಧೂಳು, ಅದುರು ತೆಗೆಯಲು ತಿಂಗಳುಗಟ್ಟಲೆ ಬೇಕು. ಪೂರ್ತಿ 4ಕೆಯಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಸಿನಿಮಾಕ್ಕೇ 10 ಟೆರಾಬೈಟಿಗಿಂತ ಜಾಸ್ತಿ ಜಾಗ ಬೇಕಾಗುತ್ತದೆ. ಖರ್ಚಿನ ಕೆಲಸ ಅಂತ ಒಪ್ಪುತ್ತೇನೆ. ಅದಕ್ಕೇ ಹೇಳುವುದು, ಇರುವ ದುಡ್ಡಿನಲ್ಲಿ ಎರಡು ಸಿನಿಮಾ ಥಳಥಳ ಮಾಡುವ ಬದಲು ಆದಷ್ಟು ಸಿನಿಮಾ ಸ್ಕ್ಯಾನ್ ಮಾಡಿ ಜೀವ ಉಳಿಸಿ. ಗೆರೆ ಹತ್ತು ವರ್ಷದ ಮೇಲೂ ತೆಗೆಯಬಹುದು. ನೆಗೆಟಿವ್ ಹತ್ತು ವರ್ಷ ಇರುತ್ತದೆ ಅಂತ ಯಾರು ಹೇಳುತ್ತಾರೆ? ಪುಣೆಯ ಭಂಡಾರ 1964ರಿಂದ ಇದೆ. ಅಲ್ಲಿ ಕನ್ನಡದ ಯಾವ ಯಾವ ನೆಗೆಟಿವ್, ಯಾವ ಪ್ರಿಂಟ್ ಇವೆ ಅನ್ನುವ ಪಟ್ಟಿ ತರಿಸಿ ಎಲ್ಲರಿಗೂ ಕಾಣುವ ಹಾಗೆ ಹಾಕಿ. ಪಟ್ಟಿಯಲ್ಲಿ ಇಲ್ಲದ್ದು ಏನು ಅಂತ ಗೊತ್ತಾದರೆ ಹುಡುಕುವವರು ಹುಡುಕುತ್ತಾರೆ.

ಇನ್ನೊಂದು ಮಾತು, ಇದು ನನ್ನ ಕಸುಬಿನಿಂದ ಬಂದಿದ್ದು. ಈಗ ಎಲ್ಲೆಲ್ಲೂ ‘4ಕೆ’ ಅಂತ ಬರೆದು ಹಳೇ ಡಿವಿಡಿಯನ್ನೇ ಕಂಪ್ಯೂಟರಿನಲ್ಲಿ ಹಿಗ್ಗಿಸಿ ಬಿಡುತ್ತಾರೆ. ಕಂಪ್ಯೂಟರ್ ತನಗೆ ತಿಳಿದ ಹಾಗೆ ಮುಖ ಬರೆಯುತ್ತದೆ. ಕೆನ್ನೆ ಮೇಣದ ಹಾಗೆ ನುಣ್ಣಗೆ, ಕೂದಲು ಬಣ್ಣ ಬಳಿದ ಹಾಗೆ. ಪಂಡರಿಬಾಯಿಯವರ ಮುಖದ ದಣಿವು, ಬಾಲಕೃಷ್ಣ ಅವರ ಹಣೆಯ ಸುಕ್ಕು ಎಲ್ಲ ಅಳಿಸಿಹೋಗುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಫಿಲ್ಮಿನಲ್ಲಿ ಸಣ್ಣ ಕಾಳು ಇರುತ್ತದೆ, ಜೋಳದ ನುಚ್ಚಿನ ಹಾಗೆ. ಅದು ಕೊಳೆಯಲ್ಲ, ಚಿತ್ರ ಆಗಿರುವುದೇ ಅದರಿಂದ. ಅದನ್ನು ಪೂರ್ತಿ ತಿಕ್ಕಿ ತೆಗೆದರೆ ಚಿತ್ರವೂ ಜೊತೆಗೆ ಹೋಗುತ್ತದೆ. ‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ಹಾಕಿ 2008ರಲ್ಲಿ, ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ಹಾಕಿ 2014ರಲ್ಲಿ ಬಿಟ್ಟರು. ಆ ಪ್ರೀತಿಗೆ ನನ್ನ ಗೌರವ ಇದೆ, ನಾನೂ ಟಿಕೆಟ್ ತಗೊಂಡು ನೋಡಿದ್ದೇನೆ. ಆದರೆ ಬಣ್ಣ ಹಾಕುವುದೇ ಬೇರೆ, ಉಳಿಸುವುದೇ ಬೇರೆ. ಕಪ್ಪು-ಬಿಳುಪಿನಲ್ಲಿ ತೆಗೆದಿದ್ದನ್ನು ಕಪ್ಪು-ಬಿಳುಪಿನಲ್ಲೇ ಕೊಡಿ. ಚೌಕಟ್ಟು ಹಾಗೇ ಇರಲಿ, ಪಕ್ಕದಲ್ಲಿ ಕಪ್ಪು ಪಟ್ಟಿ ಬರಲಿ. ಗಿರಾಕಿಗಳಿಗೆ ನಾನು ತಿಳಿಸಿ ಹೇಳುತ್ತೇನೆ, ಅದು ನನ್ನ ಜವಾಬ್ದಾರಿ. ಒಂದೇ ಸ್ಪೀಕರಿಗೆ ಮಾಡಿದ ಹಾಡು ಅದೇ ರೀತಿ, ಅದೇ ವೇಗದಲ್ಲಿ ಕೇಳಿಸಲಿ.

ಮನೆಗೆ ಮುಟ್ಟಿಸುವಾಗ ನಮ್ಮ ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. 4ಕೆ ಸಿನಿಮಾ ನೆಟ್ಟಿನಲ್ಲಿ ಸರಾಗ ಓಡಲು 15ರಿಂದ 25 ಎಂಬಿಪಿಎಸ್ ವೇಗ ಬೇಕು. ಚಿಂಚೋಳಿಯ ತಾಂಡಾದಲ್ಲಿ, ಸುರಪುರದ ಹಳ್ಳಿಯಲ್ಲಿ ಸಂಜೆ ಹೊತ್ತು ಅಷ್ಟು ಸಿಗುವುದು ಕಷ್ಟ. ಸ್ಕ್ಯಾನ್ 4ಕೆಯಲ್ಲೇ ಆಗಲಿ, ಆದರೆ ಹಳ್ಳಿಗೆ 1080, ಅಂದರೆ ಫುಲ್ ಎಚ್‌ಡಿ, ಬಂದರೂ ನಮಗೆ ಹಬ್ಬ. ಅದರಲ್ಲೂ ಡಿವಿಡಿಗಿಂತ ಐದು ಪಟ್ಟು ವಿವರ ಇರುತ್ತದೆ. ಒಟಿಟಿಯ ಜೊತೆಗೆ ದೂರದರ್ಶನ ಚಂದನದಲ್ಲಿ ವಾರಕ್ಕೊಂದು ಹಾಕಿಸಿ. ಜಿಲ್ಲಾ ಗ್ರಂಥಾಲಯಗಳಲ್ಲಿ ಡಿಸ್ಕ್ ಇಡಿಸಿ. ಸಬ್‌ಟೈಟಲ್ ಕನ್ನಡದಲ್ಲೂ ಇರಲಿ, ಕಿವಿ ಮಂದ ಆದ ಹಿರಿಯರು ಬಹಳ ಜನ ಇದ್ದಾರೆ. ಉರ್ದುವಿನಲ್ಲೂ ಒಂದು ಇದ್ದರೆ ಇನ್ನೂ ಒಳ್ಳೇದು. ನನ್ನ ಅಂಗಡಿಯ ಪಕ್ಕದ ಸೈಕಲ್ ಅಂಗಡಿಯವರ ಮನೆಯಲ್ಲಿ ರಾಜಕುಮಾರ್ ಅಂದರೆ ಪ್ರಾಣ, ಮಾತು ಅರ್ಧ ಮಾತ್ರ ತಿಳಿಯುತ್ತದೆ.

1975ರ ಆಗಸ್ಟ್‌ನಿಂದ ಒಂದು ವರ್ಷ ನಮ್ಮ ದೇಶದಲ್ಲಿ ಉಪಗ್ರಹದಿಂದ ಹಳ್ಳಿಗೆ ಟಿವಿ ತೋರಿಸುವ ಪ್ರಯೋಗ ನಡೆಯಿತು. ಆರು ರಾಜ್ಯದ 2400 ಹಳ್ಳಿಗಳಲ್ಲಿ. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಕಲಬುರಗಿ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು. ಹತ್ತು ಅಡಿಯ ಕೋಳಿ ಜಾಲರಿಯ ಡಿಶ್, ಅದರ ಕೆಳಗೆ ಒಂದು ಟಿವಿ, ಮುಂದೆ ಇಡೀ ಊರು. ನಮ್ಮ ಅಪ್ಪ ಪಕ್ಕದ ಊರಿಗೆ ನಡೆದು ಹೋಗಿ ನೋಡಿ ಬಂದಿದ್ದರು. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರಲ್ಲಿ. 1975ರಲ್ಲೇ ನಮ್ಮನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರು. ಈ ಕೆಲಸದಲ್ಲೂ ನಮ್ಮನ್ನು ಹಿಂದಿನ ಸಾಲಿಗೆ ತಳ್ಳಬೇಡಿ. ಮೊದಲ ಸಿನಿಮಾ ಚೊಕ್ಕ ಆದಾಗ ಒಂದು ಪ್ರದರ್ಶನ ಕಲಬುರಗಿಯ ಎಸ್. ಎಂ. ಪಂಡಿತ್ ರಂಗಮಂದಿರದಲ್ಲಿ ಇಡಿ. ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಬರೆದು ಹೆಸರು ಮಾಡಿದ ಪಂಡಿತರು ನಮ್ಮ ಊರಿನವರು. ಹಳೇ ಟಾಕೀಸಿನ ಆಪರೇಟರ್‌ಗಳು, ಗೇಟ್ ಕೀಪರ್‌ಗಳು ಇನ್ನೂ ಕೆಲವರು ಇದ್ದಾರೆ. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸೋಣ.

ನಿರ್ಮಾಪಕರ ಮನೆಯವರಲ್ಲಿ ಒಂದು ವಿನಂತಿ. ನಿಮ್ಮ ಅಪ್ಪ, ಅಜ್ಜ ಮನೆ ಒತ್ತೆ ಇಟ್ಟು ಸಿನಿಮಾ ಮಾಡಿರಬಹುದು. ಹಕ್ಕು ನಿಮ್ಮದೇ, ಬಂದ ದುಡ್ಡೂ ನಿಮಗೇ ಸೇರಬೇಕು. ಆದರೆ ಅಣ್ಣತಮ್ಮಂದಿರ ನಡುವೆ ಹಕ್ಕು ಯಾರದ್ದು ಅಂತ ತೀರ್ಮಾನ ಆಗುವವರೆಗೆ ನೆಗೆಟಿವ್ ಕಾಯುವುದಿಲ್ಲ. ಸ್ಕ್ಯಾನ್ ಮಾಡಲು ಕೊಟ್ಟರೆ ಹಕ್ಕು ಹೋಗುವುದಿಲ್ಲ ಅಂತ ಅಕಾಡೆಮಿಯವರು ಬರೆದುಕೊಡಲಿ. ಕಾನೂನಿನ ಪ್ರಕಾರ ಸಿನಿಮಾದ ಹಕ್ಕು 60 ವರ್ಷ. 1960ರಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಸೇರಿ ‘ರಣಧೀರ ಕಂಠೀರವ’ ಮಾಡಿದರು. ಅದರ ಹಕ್ಕಿನ ಅವಧಿ 2020ರ ಕೊನೆಗೆ ಮುಗಿಯಿತು. ಅವ್ವನ ‘ಜಗಜ್ಯೋತಿ ಬಸವೇಶ್ವರ’ದ್ದು ಅದಕ್ಕೂ ಒಂದು ವರ್ಷ ಮೊದಲು. ಹಾಗೆ ಅವಧಿ ಮುಗಿದ ಸಿನಿಮಾಗಳಿಂದಲೇ ಅಕಾಡೆಮಿ ಕೆಲಸ ಶುರು ಮಾಡಬಹುದು, ಅನುಮತಿಯ ಓಡಾಟವೂ ಕಮ್ಮಿ.

ವಾರ್ತಾ ಇಲಾಖೆಯ ಕಚೇರಿ ಪ್ರತಿ ಜಿಲ್ಲೆಯಲ್ಲೂ ಇದೆ. ಒಂದು ಪ್ರಕಟಣೆ ಹಾಕಿಸಿ: ಯಾರ ಮನೆಯಲ್ಲಿ ಫಿಲ್ಮ್ ಡಬ್ಬಿ ಇದೆಯೋ ತಂದು ತೋರಿಸಿ, ಬಿಸಿಲಿಗೆ ಇಡಬೇಡಿ, ಗುಜರಿಗೆ ಹಾಕಬೇಡಿ ಅಂತ. ನನ್ನ ಕಾಕಾನ ಹಾಗೆ ಟ್ರಂಕಿನಲ್ಲಿ ಇಟ್ಟುಕೊಂಡವರು ಸೇಡಂನಲ್ಲಿ, ಹುಮನಾಬಾದಿನಲ್ಲಿ, ಯಾದಗಿರಿಯಲ್ಲಿ ಇದ್ದೇ ಇರುತ್ತಾರೆ.

ನನ್ನ ಹತ್ತಿರ ಇರುವ ಎರಡು ಡಬ್ಬಿಗಳನ್ನು ಬೇರೆ ಬೇರೆ ಇಟ್ಟಿದ್ದೇನೆ, ಒಂದರ ಹುಳಿ ಇನ್ನೊಂದಕ್ಕೆ ತಾಕದ ಹಾಗೆ. ಅಂಗಡಿಯ ಒಳಕೋಣೆಯಲ್ಲಿ, ಶಹಾಬಾದ್ ಕಲ್ಲಿನ ನೆಲದ ಮೇಲೆ, ಬಿಸಿಲು ಬೀಳದ ಕಡೆ. ಆವತ್ತಿನ ನಂತರ ಮುಚ್ಚಳ ತೆಗೆದಿಲ್ಲ. ಯಾರನ್ನಾದರೂ ಕಳಿಸಿದರೆ ಕೊಡುತ್ತೇನೆ. ಕಳಿಸಲು ಆಗದಿದ್ದರೆ ಎಲ್ಲಿಗೆ ತರಬೇಕು ಹೇಳಿ, ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ನಾನೇ ತರುತ್ತೇನೆ. ಮಾರ್ಚ್ ಬರುವುದರೊಳಗೆ ಆದರೆ ಒಳ್ಳೇದು. ಆಮೇಲೆ ಇಲ್ಲಿ ಬಿಸಿಲು ಶುರುವಾಗುತ್ತದೆ.

ಇಂತಿ,
ಕಲಬುರಗಿಯ ಒಬ್ಬ ಟಿವಿ ರಿಪೇರಿಯವ